ಅರ್ಥ ತಿಳಿಯದೆ ಓದಿದ್ದು

ಟಕ್, ಟಕ್... ಸ್ವಲ್ಪ ಬಿಟ್ಟು ಮತ್ತೊಂದು ಟಕ್. ಪಕ್ಕದ ಫ್ಲಾಟಿನ ಮದಾಮ್ ತಮ್ಮ ಉಂಗುರದಿಂದ ಗೋಡೆಗೆ ಬಡಿಯುತ್ತಿದ್ದ ಸದ್ದು ಅದು. ಮಧ್ಯಾಹ್ನ ನಾಲ್ಕು ಗಂಟೆಗೆ, ಓದಲು ಬನ್ನಿ ಎಂಬ ಕರೆ. ಮೊನ್ನೆ ಎ.ಸಿ. ರಿಪೇರಿಯವನು ಗೋಡೆಯಾಚೆ ಯಾವುದೋ ಪೈಪಿಗೆ ಹಾಗೇ ಬಡಿದ. ನಾನು ಆರಿಸುತ್ತಿದ್ದ ಅಕ್ಕಿಯನ್ನು ಬಿಟ್ಟು, ಕನ್ನಡಕ ಹುಡುಕಿಕೊಂಡು, ಬಾಗಿಲವರೆಗೆ ಹೋಗಿಬಿಟ್ಟೆ. ಆಮೇಲೆ ನೆನಪಾಯಿತು... ಆ ಫ್ಲಾಟಿನಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಬಹರೈನಿನ ಹೂರಾದ ಈ ಮನೆಗೆ ನಾನು ಬಂದದ್ದು ಮಗಳ ಜೊತೆಗಿರಲು. ಅವಳೂ ಅಳಿಯನೂ ಬ್ಯಾಂಕಿಗೆ ಹೋದರೆ ಸಂಜೆಯವರೆಗೆ ನಾನೊಬ್ಬಳೇ. ಮದಾಮ್ ಕೆನಡಾದ ಕ್ವಿಬೆಕ್ ಪ್ರಾಂತ್ಯದವರು, ಮಾತೃಭಾಷೆ ಫ್ರೆಂಚ್. ಗಂಡ ಸಿತ್ರಾದ ತೈಲ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದು ಇಲ್ಲೇ ತೀರಿಕೊಂಡಿದ್ದರು. ಇವರು ಮಕ್ಕಳಿಗೆ ಫ್ರೆಂಚ್ ಟ್ಯೂಷನ್ ಕೊಟ್ಟುಕೊಂಡು ಇಲ್ಲೇ ಉಳಿದರು. ಕಣ್ಣು ಮಂಜಾಗುತ್ತಾ ಬಂದ ಮೇಲೆ ಅದೂ ನಿಂತಿತ್ತು.

ನಮ್ಮ ಪರಿಚಯವಾದದ್ದು ಲಿಫ್ಟಿನಲ್ಲಿ. ಕರೆಂಟ್ ಹೋಗಿ ನಾವಿಬ್ಬರೇ ಕತ್ತಲಲ್ಲಿ ಸಿಕ್ಕಿಬಿದ್ದೆವು. ಹೆದರಿಕೆಯಾದರೆ ನನ್ನ ಬಾಯಿಗೆ ಬರುವುದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಅದೂ ಫ್ರೆಂಚಿನಲ್ಲಿ. ಮಂಗಳೂರಿನ ಕಾನ್ವೆಂಟಿನಲ್ಲಿ ಕೆನಡಾದಿಂದ ಬಂದ ಸಿಸ್ಟರ್ ಒಬ್ಬರು ನಮಗದನ್ನು ಕಲಿಸಿದ್ದರು. ಪ್ರೊನನ್ಸಿಯೇಷನ್ ಫಸ್ಟ್, ಮೀನಿಂಗ್ ಲೇಟರ್ ಎನ್ನುತ್ತಿದ್ದರು. ಫುಟ್‌ರೂಲರ್ ಹಿಡಿದು ಒಂದೊಂದು ಸ್ವರವನ್ನೂ ತಿದ್ದಿದರು. ನಾವು ಯಾವ ಪುಟ ಕೊಟ್ಟರೂ ಗಿಳಿಯ ಹಾಗೆ ಓದುತ್ತಿದ್ದೆವು. ಆ ‘ಲೇಟರ್’ ಬರುವ ಮೊದಲೇ ಸಿಸ್ಟರ್ ತಮ್ಮ ದೇಶಕ್ಕೆ ಹಿಂದಿರುಗಿದರು.

ಪ್ರಾರ್ಥನೆ ಮುಗಿಯುವಷ್ಟರಲ್ಲಿ ಒಂದು ತಣ್ಣನೆಯ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಮದಾಮ್ ಫ್ರೆಂಚಿನಲ್ಲಿ ಏನೋ ಕೇಳಿದರು. ನನಗೆ ಆ ಭಾಷೆ ಬಾರದು ಎಂದು ಇಂಗ್ಲಿಷಿನಲ್ಲಿ ಹೇಳಿದರೂ ಕೈ ಬಿಡಲಿಲ್ಲ. ಬೆಳಕು ಬಂದಾಗ ನನ್ನ ಮುಖಕ್ಕೆ ಮುಖ ತಂದು ನೋಡಿದರು. ಬೇರೆ ಯಾರೋ ಅಲ್ಲವಲ್ಲ ಎಂದು ಖಾತ್ರಿ ಮಾಡಿಕೊಳ್ಳುವವರ ಹಾಗೆ. ತೀರಿಹೋದ ತಮ್ಮ ಅಕ್ಕ ಪ್ರಾರ್ಥನೆ ಹೇಳುತ್ತಿದ್ದದ್ದು ಹೀಗೇ, ಇದೇ ರಾಗದಲ್ಲಿ ಎಂದರು. ಮರುದಿನ ನಾಲ್ಕು ಗಂಟೆಗೆ ಗೋಡೆ ಮೊದಲ ಸಲ ಸದ್ದು ಮಾಡಿತು.

ಅವರ ಕಪಾಟಿನ ತುಂಬ ಕ್ವಿಬೆಕ್‌ನ ಕಾದಂಬರಿಗಳು. ನಾನು ಒಂದು ಪುಟ ಓದುವುದು, ಅವರು ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳುವುದು. ಉಲ್ಲನ್ ದಾರದ ಗುರುತಿಟ್ಟ ಪುಟಗಳನ್ನಷ್ಟೇ ಓದಿಸುತ್ತಿದ್ದರು. ಆ ಪುಟಗಳಲ್ಲೆಲ್ಲ ಯಾರೋ ಒಬ್ಬರು ಓದುತ್ತಿದ್ದರು, ಇಲ್ಲವೇ ಬರೆಯುತ್ತಿದ್ದರು. ಹಳೆಯ ಕಾದಂಬರಿಗಳಲ್ಲಿ ಹಳ್ಳಿಯ ಪುಸ್ತಕದ ಬೀರುವಿನ ಬೀಗದ ಕೈ ಪಾದ್ರಿಗಳ ಹತ್ತಿರ. ಓದು ಬಾರದ ತಾಯಿ ಪ್ರಾರ್ಥನೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ತುಟಿ ಅಲ್ಲಾಡಿಸುತ್ತಾಳೆ. ಮರ ಕಡಿಯಲು ಕಾಡಿಗೆ ಹೋದ ಗಂಡನ ಕಾಗದವನ್ನು ನೆರೆಯವಳಿಂದ ಓದಿಸಿಕೊಂಡ ಹೆಂಗಸು, ಅವಳು ಯಾವ ಮಾತನ್ನು ನುಂಗಿದಳೋ ಎಂದು ಸಾಯುವವರೆಗೂ ಅನುಮಾನಪಡುತ್ತಾಳೆ. ಹುಡುಗಿಯರು ಬರೆದದ್ದು ಒಲೆ ಸೇರುತ್ತದೆ. ಪಟ್ಟಣದ ಹೊಸ ಕಾದಂಬರಿಗಳಲ್ಲಿ ಮಾತ್ರ ಎಲ್ಲರೂ ರೈಟರ್‌ಗಳೇ, ಓದಲು ಯಾರೂ ಸಿಗುವುದಿಲ್ಲ ಎಂದು ಮದಾಮ್ ನಗುತ್ತಿದ್ದರು.

“ನಮ್ಮ ಕಾದಂಬರಿಗಳಲ್ಲಿ ಯಾರೂ ಸುಮ್ಮನೆ ಟೈಂಪಾಸ್‌ಗೆ ಓದುವುದಿಲ್ಲ, ಮೈ ಡಿಯರ್. ಓದಿದವರು ಅದಕ್ಕೆ ಏನಾದರೂ ತೆರಲೇಬೇಕು.”

ಚಳಿಗಾಲದ ಕೊನೆಯಲ್ಲಿ ಅವರ ಸೋದರಳಿಯ ಫೋನ್ ಮಾಡಿದ. ಬಂದು ಕರೆದುಕೊಂಡು ಹೋಗುತ್ತೇನೆ, ಊರಲ್ಲಿ ವೃದ್ಧಾಶ್ರಮ ನೋಡಿದ್ದೇನೆ ಎಂದು. ಆ ದಿನ ಮದಾಮ್ ಕಪಾಟಿನ ಹಿಂದಿನಿಂದ ಕಪ್ಪು ರಟ್ಟಿನ ನೋಟ್‌ಬುಕ್ ತೆಗೆದರು. ಅಕ್ಕನದು. ಚಿಕ್ಕವರಿದ್ದಾಗ ಅಕ್ಕ ಹುಲ್ಲಿನ ಅಟ್ಟದಲ್ಲಿ ಪುಸ್ತಕ ಬಚ್ಚಿಟ್ಟು ಓದುತ್ತಿದ್ದಳಂತೆ. ಇವರು ಅದನ್ನು ಪಾದ್ರಿಗಳಿಗೆ ಹೇಳಿಬಿಟ್ಟರು. ಅಪ್ಪ ಎಲ್ಲವನ್ನೂ ಒಲೆಗೆ ಹಾಕಿದರು, ಅಕ್ಕನನ್ನು ಕನ್ಯಾಸ್ತ್ರೀಯರ ಮಠಕ್ಕೆ ಕಳಿಸಿದರು. ಆಮೇಲೆ ಅಕ್ಕ ಇವರೊಂದಿಗೆ ಒಂದು ಮಾತೂ ಆಡಲಿಲ್ಲ. ಅವಳು ಸತ್ತ ಮೇಲೆ ಮಠದವರು ಈ ನೋಟ್‌ಬುಕ್ಕನ್ನು ಅಂಚೆಯಲ್ಲಿ ಕಳಿಸಿದ್ದರು. ಅಕ್ಕ ತನ್ನನ್ನು ಕ್ಷಮಿಸಿದ್ದಳೋ ಇಲ್ಲವೋ, ಇದನ್ನೊಮ್ಮೆ ಕೇಳಿಯೇ ಹೊರಡಬೇಕು ಎಂದರು.

ಊರಿಗೆ ಹೋದ ಮೇಲೆ ಅಲ್ಲಿಯವರ ಹತ್ತಿರ ಓದಿಸಬಹುದಲ್ಲ ಎಂದೆ.

“ಅಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ನಿಮಗೆ ಆಗುವುದಿಲ್ಲ. ಅದಕ್ಕೇ ನೀವು.”

ಒಂದು ವಾರ ಓದಿದೆ. ನೇರಳೆ ಶಾಯಿಯ ಓರೆ ಅಕ್ಷರ. ಆ ಕೈ ಎಲ್ಲಿ ತಡೆದಿತ್ತೋ ಅಲ್ಲಿ ನನ್ನ ಉಸಿರೂ ತಡೆಯುತ್ತಿತ್ತು. ಮದಾಮ್ ನಡುನಡುವೆ ಫ್ರೆಂಚಿನಲ್ಲೇ ಏನೋ ಕೇಳಿ ಕಾಯುತ್ತಿದ್ದರು. ನಾನು ಮುಂದಿನ ಸಾಲು ಓದಿದರೆ ತಲೆದೂಗುತ್ತಿದ್ದರು, ಅದೇ ಉತ್ತರವೆಂಬಂತೆ. ಮನೆಗೆ ಬಂದರೆ ಸ್ವಲ್ಪ ಹೊತ್ತು ನನ್ನ ಬಾಯಲ್ಲಿ ಕೊಂಕಣಿ ಹೊರಡುತ್ತಿರಲಿಲ್ಲ...

ಕೆಳಗಿನ ದಿನಸಿ ಅಂಗಡಿ, ಇಲ್ಲಿಯವರು ಕೋಲ್ಡ್ ಸ್ಟೋರ್ ಎನ್ನುವುದು, ಅದರ ಉಳ್ಳಾಲದ ಬ್ಯಾರಿ ಒಂದು ದಿನ ನನ್ನನ್ನು ತಡೆದು ಕೇಳಿದರು.

“ಬಾಯಮ್ಮ, ಮದಾಮ್‌ನ ಮನೆಗೆ ನೆಂಟರು ಬಂದಿದ್ದಾರಾ? ನಿನ್ನೆ ಹಾಲು ಇಡ್ಲಿಕ್ಕೆ ಹೋದಾಗ ಒಳಗೆ ಇಬ್ರು ಮದಾಮ್‌ಗಳು ಮಾತಾಡ್ತಾ ಇದ್ರು.”

“ಅದು ನಾನೇ ಮಾರಾಯ್ರೆ. ಓದ್ತಾ ಇದ್ದೆ.”

“ತಮಾಷೆ ಮಾಡ್ಬೇಡಿ. ನಿಮ್ಮ ಸ್ವರ ನಂಗೆ ಗೊತ್ತುಂಟು. ದಿನಾ ಟೊಮೆಟೊಗೆ ಜಗಳ ಮಾಡುವ ಸ್ವರ ಅಲ್ವಾ.”

ನನಗೆ ಅರ್ಥ ಗೊತ್ತಿಲ್ಲದೆ ಓದುತ್ತಿದ್ದೇನೆ ಎಂದಾಗ ಅವರ ನಗು ನಿಂತಿತು. ತಾವೂ ಮದರಸದಲ್ಲಿ ಹಾಗೇ ಓದಿದ್ದು ಎಂದರು.

“ಸಾರ ಇಲ್ಲ ಬಾಯಮ್ಮ, ಅದ್ರಲ್ಲಿ ತಪ್ಪೇನಿಲ್ಲ. ಓದುವವನಿಗೆ ಗೊತ್ತಾಗ್ಬೇಕೂಂತ ಇಲ್ಲ. ಕೇಳುವವನಿಗೆ ಗೊತ್ತಾದ್ರೆ ಆಯ್ತು.”

ಕೊನೆಯ ದಿನ, ಬರೆದಿದ್ದ ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಮದಾಮ್‌ರ ಹೆಸರಿತ್ತು. ಹೆಸರಿಗೆ ಅರ್ಥ ಬೇಕಿಲ್ಲ. ಅದರ ಪಕ್ಕದಲ್ಲಿ ನನಗೆ ಗೊತ್ತಿದ್ದ ಎರಡೇ ಮಾತುಗಳು. ಒಂದು ಪ್ರಾರ್ಥನೆಯಲ್ಲಿ ಬರುವ ‘ಕ್ಷಮಿಸು’ ಎಂಬುದು. ಇನ್ನೊಂದು, ಕ್ಲಾಸಿನಲ್ಲಿ ಮಾತಾಡಿದರೆ ನಮ್ಮ ಸಿಸ್ಟರ್ ರೂಲರಿನಿಂದ ಮೇಜು ಕುಟ್ಟಿ ಹೇಳುತ್ತಿದ್ದದ್ದು, ‘ಎಂದಿಗೂ ಇಲ್ಲ’. ಏನೂ ಅರಿಯದವಳ ಹಾಗೆ ಅದರ ಹಿಂದಿನ ಸಾಲಿಗೇ ನಿಲ್ಲಿಸಿ ನೋಟ್‌ಬುಕ್ ಮುಚ್ಚಿದೆ.

“ಒಂದು ಸಾಲು ಬಿಟ್ಟಿರಿ,” ಎಂದರು ಮದಾಮ್. ಆಮೇಲೆ ಆ ಸಾಲನ್ನು ತಾವೇ ಹೇಳಿದರು, ಒಂದಕ್ಷರ ತಪ್ಪದೆ.

ಅಂಚೆಯಲ್ಲಿ ಬಂದ ದಿನವೇ, ಕಣ್ಣು ಇನ್ನೂ ಸರಿಯಿದ್ದಾಗಲೇ, ಅವರು ಅದನ್ನೆಲ್ಲ ಓದಿದ್ದರು. ಹಾಗಿದ್ದರೆ ನನ್ನಿಂದ ಏಕೆ ಓದಿಸಿದಿರಿ ಎಂದು ಕೇಳಿದೆ.

“ಅವಳು ಇದನ್ನು ಕಾಗದಕ್ಕೆ ಹೇಳಿದಳು, ನನಗೆ ಹೇಳಲಿಲ್ಲ. ಎದುರಿಗೆ ಕೂತು ಹೇಳಿದರೆ ನಾನೂ ಒಂದು ಮಾತು ಹೇಳಬಹುದು.”

ನಾನು ಆ ಸಾಲನ್ನು ಓದಿದೆ. ಇಷ್ಟು ಪ್ರೀತಿಯಿಂದ ನನ್ನನ್ನು ಕೂರಿಸಿಕೊಂಡ ಮುದುಕಿಯ ಮುಖಕ್ಕೆ, ಎಂದೂ ಕ್ಷಮಿಸುವುದಿಲ್ಲ ಎಂದು, ನಮ್ಮ ಸಿಸ್ಟರ್ ತಿದ್ದಿದ್ದ ಶುದ್ಧ ಉಚ್ಚಾರದಲ್ಲಿ... ಮದಾಮ್ ಬಹಳ ಹೊತ್ತು ಫ್ರೆಂಚಿನಲ್ಲಿ ಮಾತಾಡಿದರು. ಕೈಗಳು ಮಡಿಲಲ್ಲಿ, ಶಾಲೆಯ ಹುಡುಗಿಯ ಹಾಗೆ. ಮಾತು ಮುಗಿಸಿ ಉತ್ತರಕ್ಕೆ ಕಾದರು. ಮುಂದಿನ ಪುಟಗಳೆಲ್ಲ ಖಾಲಿ. ನನ್ನಲ್ಲಿ ಓದಲು ಏನೂ ಇರಲಿಲ್ಲ. ಎದ್ದು ಬಂದೆ.

ಅವರು ಊರಿಗೆ ಹೋಗಿ ಆರು ತಿಂಗಳಾದ ಮೇಲೆ ಸೋದರಳಿಯನಿಂದ ಎರಡು ಸಾಲಿನ ಮೆಸೇಜ್ ಬಂತು, ನಿದ್ದೆಯಲ್ಲೇ ಹೋದರು ಎಂದು. ಅವರು ಹೊರಟ ದಿನ ನಾನು ಮಾಡಿದ್ದು ಸರಿಯೋ ತಪ್ಪೋ, ಕೇಳೋಣವೆಂದರೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಒಮ್ಮೆ ಕನ್ಫೆಷನ್‌ಗೆ ಹೋದಾಗ ಹೇಳಬೇಕೆಂದುಕೊಂಡೆ. ಯಾವ ಪಾಪವೆಂದು ಹೇಳುವುದು... ಹಾಗೇ ಬಂದೆ.

ಅವರು ಹೊರಟ ದಿನ ಬೆಳಿಗ್ಗೆ ಸೋದರಳಿಯ ಪೆಟ್ಟಿಗೆಗಳನ್ನು ಟ್ಯಾಕ್ಸಿಗೆ ಹಾಕುತ್ತಿದ್ದ. ಮದಾಮ್ ಗಾಲಿಕುರ್ಚಿಯಲ್ಲಿ, ಬಿಲ್ಡಿಂಗಿನ ಬಾಗಿಲ ಹತ್ತಿರ ಕೂತಿದ್ದರು. ನನ್ನ ಹೆಜ್ಜೆ ಕೇಳಿ ಕೈ ಚಾಚಿದರು. ಬೆರಳುಗಳು ನನ್ನ ಕೈಯನ್ನು ಹುಡುಕಲಿಲ್ಲ, ಗಂಟಲನ್ನು ಹುಡುಕಿದವು. ಅಲ್ಲಿ ಬೆರಳಿಟ್ಟು ನನ್ನದಲ್ಲದ ಒಂದು ಹೆಸರನ್ನು ಕರೆದರು. ಏನೋ ಕೇಳಿದರು. ಅದರಲ್ಲಿ ನನಗೆ ತಿಳಿದದ್ದು ಪ್ರಾರ್ಥನೆಯ ಆ ‘ಕ್ಷಮಿಸು’ ಎಂಬ ಮಾತೊಂದೇ.

ಹೌದು ಎನ್ನಲು ಫ್ರೆಂಚಿನಲ್ಲಿ ಏನನ್ನಬೇಕೆಂದು ನನಗೆ ಗೊತ್ತಿತ್ತು. ಅಂದುಬಿಟ್ಟೆ.

ಮದಾಮ್ ಕೈ ತೆಗೆದರು. ಸೋದರಳಿಯ ಅವರನ್ನು ಟ್ಯಾಕ್ಸಿಯಲ್ಲಿ ಕೂರಿಸಿ ಬಾಗಿಲು ಹಾಕಿದ. ನಾನು ಕಿಟಕಿಯ ಎದುರಿಗೇ ನಿಂತು, ಗುಡ್‌ಬೈ ಮದಾಮ್ ಎಂದು ಗಟ್ಟಿಯಾಗಿ ಹೇಳಿದೆ. ಅವರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ಆಮೇಲೆ ನನ್ನ ಎಡಕ್ಕೆ, ಒಂದು ಮಾರು ಆಚೆ, ಯಾರೂ ಇಲ್ಲದ ಕಡೆಗೆ ತಿರುಗಿ, ಟ್ಯಾಕ್ಸಿ ಮೂಲೆ ತಿರುಗುವವರೆಗೂ ಕೈ ಬೀಸುತ್ತಲೇ ಇದ್ದರು.