ಹಸೆಗೆ ಕರೆದ ಮೂರು ಸ್ವರ

ಕಳೆದ ಭಾನುವಾರ ಹಾರನಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳು ಸುಮ ತನ್ನದೇ ಸೀಮಂತದ ದಿನ ಒಳಕೋಣೆಯ ಗೋಡೆಗೆ ಒರಗಿ ಕೂತುಬಿಟ್ಟಳು.

"ಅಮ್ಮ ಹಾಡ್ಲಿ. ಆಮೇಲೆ ಏಳ್ತೀನಿ."

ನಮ್ಮ ಮನೆಗಳ ಪದ್ಧತಿ ಹೀಗೆ. ನಡುಮನೆಯಲ್ಲಿ ರಂಗೋಲಿ ಬಿಟ್ಟು, ಮಣೆ ಇಟ್ಟು ಹಸೆ ಸಿದ್ಧ ಮಾಡುತ್ತಾರೆ. ಹಿರಿಯ ಹೆಂಗಸು ಹಾಡಿ ಕರೆಯಬೇಕು. ಹಾಡು ಕಿವಿಗೆ ಬಿದ್ದ ಮೇಲೇ ಬಸುರಿ ಎದ್ದು ಬಂದು ಹಸೆಯ ಮೇಲೆ ಕೂರುವುದು. ಆ ಹಾಡು ಯಾವತ್ತೂ ಚಿಕ್ಕಮ್ಮನದೇ. ಆದರೆ ಗಂಟಲಿಗೆ ಕಾಯಿಲೆ ಬಂದು ವಾಸಿಯಾದ ಮೇಲೆ ಅವರು ಹಾಡುವುದನ್ನೇ ಬಿಟ್ಟಿದ್ದರು. ಎರಡು ಸಾಲು ದಾಟುವಷ್ಟರಲ್ಲಿ ದನಿ ನಿಂತುಹೋಗುತ್ತಿತ್ತು. ಚೊಚ್ಚಲ ಬಸುರಿಯನ್ನು ಅರ್ಧ ಹಾಡಿನಲ್ಲಿ ಕರೆಯುವುದೇ? ಮಗಳಿಗೆ ಕೇಡಾದರೆ ಅನ್ನುವುದು ಅವರ ಹೆದರಿಕೆ.

(ಯಾರೋ ಟೇಪ್ ರೆಕಾರ್ಡರ್ ತಂದಿಟ್ಟರು. ಸುಮ ನೋಡಿದ ನೋಟಕ್ಕೆ ಅದು ತಿರುಗಿ ಬ್ಯಾಗು ಸೇರಿತು.)

ಆಗ ಎಲ್ಲರ ಕಣ್ಣು ಮೂಲೆಯಲ್ಲಿದ್ದ ನನ್ನ ಗಿಟಾರಿನ ಮೇಲೆ ಬಿತ್ತು. ಬ್ಯಾಂಕಿನಲ್ಲಿ ಚೆಕ್ಕು ಪಾಸು ಮಾಡುವ ಇವಳಿಗೂ ಗಿಟಾರಿಗೂ ಎಲ್ಲಿಯ ನಂಟು ಅಂತೀರಾ?

ಅರಸೀಕೆರೆಯಲ್ಲಿ ನಮ್ಮ ಮನೆಯ ಹಿತ್ತಿಲ ಗೋಡೆಗೆ ಅಂಟಿಕೊಂಡೇ ರಿಟೈರಾದ ರೈಲ್ವೆ ಗಾರ್ಡ್ ಒಬ್ಬರ ಮನೆ. ಅವರ ಹೆಂಡತಿ ಡಾರತಿ ಆಂಟಿ ಸಂಜೆ ಹೊತ್ತು ಗಿಟಾರ್ ನುಡಿಸುತ್ತಾರೆ. ಎಷ್ಟು ದಿನ ಅಂತ ಗೋಡೆಯ ಈಚೆ ನಿಂತು ಕೇಳುವುದು? ಒಂದು ಸಂಜೆ ಹೋಗಿ, ನನಗೂ ಕಲಿಸಿ ಅಂದೆ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಅಂತ ಯಜಮಾನರು ನಕ್ಕರು. (ಅವರದು ಇಸ್ಪೀಟು. ಅದು ಹುಚ್ಚಲ್ಲವಂತೆ, ಹವ್ಯಾಸವಂತೆ!)

ಚಿಕ್ಕಂದಿನಲ್ಲಿ ಸರಳೆ ವರಸೆ, ಜಂಟಿ ವರಸೆ ಕಲಿತವಳು ನಾನು. ಗಿಟಾರ್ ಕೈಗೆ ಬಂದದ್ದೇ ತಡ, ಚಿಕ್ಕಮ್ಮನ ಹಸೆಹಾಡನ್ನೇ ಹಿಡಿದೆ. ಒಂದೊಂದು ಸ್ವರವನ್ನೂ ಅಟ್ಟಿಸಿಕೊಂಡು ಹೋಗಿ, ಗಮಕ ಬರಲಿ ಅಂತ ತಂತಿ ಹಿಡಿದು ಅಲ್ಲಾಡಿಸಿದೆ. ಗಿಟಾರ್ ನರಳಿತು. ಬೆರಳ ತುದಿಗಳು ಬೊಬ್ಬೆಯೆದ್ದವು.

"ಹಾಡಿನ ಹಿಂದೆ ಯಾಕೆ ಓಡ್ತೀಯಮ್ಮ?" ಅಂದರು ಆಂಟಿ. "ಹಾಡೋಕೆ ಬಾಯಿ ಇದೆ. ಗಿಟಾರ್ ಸುಮ್ನೆ ಕೆಳಗೆ ನಿಂತ್ಕೊಳ್ಳಲಿ. ಟ್ರಯಾಡ್ ಕಲಿ. ಮೂರು ಸ್ವರ, ಒಟ್ಟಿಗೆ."

"ಒಟ್ಟಿಗಾ? ಒಂದಕ್ಕೊಂದು ಜಗಳ ಆಡಲ್ವಾ ಆಂಟಿ?"

ನನ್ನ ಮಟ್ಟಿಗೆ ಸ್ವರ ಅಂದರೆ ರೇಷನ್ ಅಂಗಡಿಯ ಕ್ಯೂ ಥರ, ಒಂದರ ಹಿಂದೆ ಒಂದು ಬರಬೇಕಾದದ್ದು. ಆಂಟಿ ನಗುತ್ತಾ ಮೂರು ಬೆರಳನ್ನು ಮೂರು ತೆಳು ತಂತಿಗಳ ಮೇಲೆ ಕೂರಿಸಿದರು. ಸ, ಗ, ಪ. ಮೀಟಿದೆ.

ಜಗಳವೆಲ್ಲಿ ಬಂತು? ಮೈ ಜುಮ್ಮೆಂದಿತು. ಮೂರೂ ಸೇರಿ ಒಂದೇ ಉಸಿರಾಗಿದ್ದವು. ಗಿಟಾರಿನ ಕತ್ತಿಗೆ ಅಡ್ಡಕ್ಕಿರುವ ಮೆಟ್ಟಿಲುಗಳಲ್ಲಿ ಇನ್ನಷ್ಟು ಮೇಲೆ ಹೋದರೆ ಅವೇ ಮೂರು, ಆದರೆ ಗ ಕೆಳಗೆ, ಸ ಮೇಲೆ. ಇನ್ನೂ ಮೇಲೆ ಹೋದರೆ ಪ ಕೆಳಗೆ. ಕೂತ ಜಾಗ ಬೇರೆ, ಜನ ಅವರೇ! ಆಮೇಲೆ ಮ-ದ-ಸ, ಪ-ನಿ-ರಿ. ಏಳೂ ಸ್ವರ ಬಂದುಹೋದವಲ್ಲ! ಶಾಲೆಯ ಪ್ರಾರ್ಥನೆ, ಅಮ್ಮನ ಆರತಿ ಹಾಡು, ರೇಡಿಯೋದವು, ಒಂದೊಂದನ್ನೇ ಗುನುಗುತ್ತಾ ಮೀಟಿದೆ. ಕೆಲವು ತಪ್ಪಿಸಿಕೊಂಡವು, ನಿಜ. ಹೆಚ್ಚಿನವು ಬಂದು ಕೂತವು. ಹುಟ್ಟಿದಾಗಿನಿಂದ ಕೇಳಿದ ಹಾಡುಗಳ ಕೆಳಗೆ ಇಂಥದೊಂದು ನೆಲ ಇದೆಯೆಂದು ನನಗೆ ಯಾಕೆ ಯಾರೂ ಹೇಳಲಿಲ್ಲ?

ಇದನ್ನೆಲ್ಲ ನಾನು ಹೇಳಿದ್ದು ಕೇಳಿಯೇ ಸುಮ, "ಊಟ ಆದ್ಮೇಲೆ ನುಡಿಸುವಿಯಂತೆ, ತಗೊಂಡ್ ಬಾ ಅಕ್ಕ" ಅಂದದ್ದು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಚೀಲ ನೋಡಿ, "ಹಲಸಿನಹಣ್ಣಾ ಮೇಡಂ? ವಾಸ್ನೆನೇ ಇಲ್ವಲ್ಲ" ಅಂದಿದ್ದ. ಈಗ ಊಟಕ್ಕೆ ಮುಂಚೆಯೇ ಅದರ ಸರದಿ ಬಂದಿತ್ತು.

"ಆ ಡಬ್ಬದಾಗೆ ನೀನೇ ಹಾಡು ಬಾರಿಸ್ಬುಡೇ. ಕರೆದಂಗಾಯ್ತದೆ" ಅಂದರು ಚಿಕ್ಕಮ್ಮ.

"ಇದ್ರಲ್ಲಿ ಹಾಡಿಲ್ಲ ಚಿಕ್ಕಮ್ಮ."

"ಮತ್ತೇನೈತೆ?"

ಏನೆಂದು ಹೇಳಲಿ? ಟ್ರಯಾಡ್ ಅನ್ನಲೇ? ಕಣ್ಣು ರಂಗೋಲಿಯ ಮೇಲಿತ್ತು. "ಹಸೆ ಇದೆ. ನಾನು ಹಾಸಿರ್ತೀನಿ, ನೀವು ಹಾಡಿ."

ಚಿಕ್ಕಮ್ಮ ನನ್ನನ್ನೇ ನೋಡಿದರು. ನಾನು ಮೆಲ್ಲಗೆ ಮೀಟತೊಡಗಿದೆ. ಅವರು ಕೊನೆಗೂ ಬಾಯಿ ತೆರೆದರು. ನಾನು ಅಭ್ಯಾಸ ಮಾಡಿದ್ದಕ್ಕಿಂತ ಎಷ್ಟೋ ತಗ್ಗಿನ ಶ್ರುತಿ! ಬೆರಳಿನ ಅಚ್ಚು ಕೆಡದಂತೆ ಕೈಯನ್ನು ಕೆಳಗಿನ ಮೆಟ್ಟಿಲುಗಳಿಗೆ ಜಾರಿಸಿದೆ. ಚಿಕ್ಕಮ್ಮ ಎಲ್ಲಿ ನಿಂತರೋ ಅಲ್ಲೇ ಸ.

ಮೂರನೇ ಸಾಲಿಗೆ ದನಿ ನಿಂತಿತು. ತೆರೆದ ಬಾಯಿ ತೆರೆದೇ ಇತ್ತು, ಸದ್ದಿಲ್ಲ. ನಾನು ಮೀಟುವುದನ್ನು ನಿಲ್ಲಿಸಲಿಲ್ಲ. ಸ-ಗ-ಪ. ಮತ್ತೆ ಸ-ಗ-ಪ. ಚಿಕ್ಕಮ್ಮ ಉಗುಳು ನುಂಗಿ, ಕಣ್ಣು ಮುಚ್ಚಿ, ಆ ನಾದದೊಳಗಿಂದಲೇ ಮುಂದಿನ ಮಾತನ್ನು ಎತ್ತಿಕೊಂಡರು. ಹಾಡು ಕಡಿದಂತೆ ಕೇಳಲೇ ಇಲ್ಲ. ಮಗಳು ಎದ್ದಳಾ ಅಂತ ನೋಡಲು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಂತಿತ್ತು, ಅಷ್ಟೇ. ಇನ್ನೊಮ್ಮೆ ದನಿ ನಿಂತಾಗ ಚಿಕ್ಕಮ್ಮ ಹೆದರಲಿಲ್ಲ. ನನ್ನ ಕಡೆ ನೋಡಿ, ಕಾದು, ಮುಂದುವರಿಸಿದರು.

ಒಳಕೋಣೆಯಿಂದ ಬಳೆಯ ಸದ್ದು ಬಂತು. ಸುಮ ಗೋಡೆ ಹಿಡಿದು ಎದ್ದು ಬಂದು, ಅಮ್ಮನನ್ನೇ ನೋಡುತ್ತಾ ಹಸೆಯ ಮೇಲೆ ಕೂತಳು. ನನಗೆ ಅಳು ಉಕ್ಕಿ ಬಂತು. ಎರಡು ಕೈಗೂ ಕೆಲಸವಿತ್ತು, ಒರೆಸಿಕೊಳ್ಳಲಾಗಲಿಲ್ಲ.

ಹೊರಡುವಾಗ ಚಿಕ್ಕಮ್ಮ ಗಿಟಾರಿನ ಮೈ ಸವರಿದರು. "ತೊಟ್ಟಿಲ ಶಾಸ್ತ್ರಕ್ಕೂ ತಗಂಬಾ ಕಣೇ. ಆವತ್ತು ಇನ್ನೊಸಿ ಉದ್ದದ ಹಾಡೈತೆ."

ನಿಮ್ಮ ಮನೆಯಲ್ಲೂ ಹಾಡು ನಿಲ್ಲಿಸಿದವರು ಇರಬಹುದು. ಗಂಟಲಿಗೆ ಔಷಧಿ ಕೊಡಿಸಿದ್ದೀರಿ, ಸರಿ. ಹಸೆ ಹಾಸಿದ್ದೀರಾ?