ಅಪ್ಪಟ ಎಣ್ಣೆ

ಅಥವಾ ಆ ಎಣ್ಣೆ ಡಬ್ಬಿ ನೀಲಿಯದೇ ಆಗಿರಲಿಲ್ಲವೇನೋ. ನೀಲಿ ಎಂದು ಬರೆಯಹೊರಟರೆ ಕೈ ತಡೆಯುತ್ತದೆ, ಬೂದು ಎಂದರೂ ತಡೆಯುತ್ತದೆ. ಹಿಡಿಗೆ ಅಂಟಿದ್ದ ಜಿಡ್ಡು ಮಾತ್ರ ಈಗಲೂ ಬೆರಳಿಗೆ ಹತ್ತಿದಂತಿದೆ. ಆದರೆ ಅಂಗಡಿಯಿಂದ ಆಗತಾನೇ ತಂದ ಡಬ್ಬಿಯ ಹಿಡಿಗೆ ಜಿಡ್ಡೇಕೆ ಅಂಟಿರುತ್ತದೆ? ಒಂದು ಡಬ್ಬಿಯ ವಿಷಯದಲ್ಲೇ ಇಷ್ಟು ತೊದಲುವವನು ಒಬ್ಬ ಮನುಷ್ಯನ ಬದುಕು ಕೆಟ್ಟ ಬಗೆಯನ್ನು ಹೇಳಲು ಹೊರಟಿದ್ದಾನೆಂದರೆ, ಗೆಳೆಯರೇ, ನೀವು ಒಂದು ಕಿವಿಯನ್ನು ಅನುಮಾನಕ್ಕೆ ಬಿಟ್ಟುಕೊಟ್ಟು ಇನ್ನೊಂದರಲ್ಲಿ ಕೇಳುವುದು ಮೇಲು.

ಊರು ಸೇಲಂ, ಕಾಲ ತೊಂಬತ್ತರ ದಶಕದ ಕೊನೆ. ನಮ್ಮದು ನೇಯುವವರ ಮನೆ. ಒಳಗೆ ಆಡುವುದು ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಕನ್ನಡದ ಅಕ್ಷರ ತಿದ್ದಿದ್ದು ಮೀಸೆ ಬಂದು ಎಷ್ಟೋ ವರ್ಷಗಳ ಮೇಲೆ. ಆ ಮನುಷ್ಯ ಶಿವರಾಜ, ನನ್ನ ಅಕ್ಕನ ಗಂಡ. ಅಪ್ಪನಿಗೆ ತಂಗಿಯ ಮಗನೂ ಆಗಿದ್ದರಿಂದ ಅಳಿಯನೆಂಬ ಮರ್ಯಾದೆ ಅವನಿಗೆ ನಮ್ಮ ಮನೆಯಲ್ಲಿ ಸಿಕ್ಕಲೇ ಇಲ್ಲ. ಚಿಕ್ಕಂದಿನಿಂದ ಅಪ್ಪನ ಪಕ್ಕದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆಪಂಚೆ ನೇಯ್ದವನು, ಒಂದು ದಿನ ಎದ್ದುನಿಂತು ಹಳೆಯ ಅಂಬಾಸಿಡರ್ ಕಾರೊಂದನ್ನು ತಂದು ಬಾಡಿಗೆಗೆ ಓಡಿಸತೊಡಗಿದ. ನಿಮ್ಮ ಕಣ್ಣಿಗೆ ಅದು ಬರೀ ಕಾರು. ಭಾವನಿಗೆ ಅದು ಆ ಕುಣಿಯಿಂದ ಮೇಲೆ ಹತ್ತಲು ಸಿಕ್ಕ ಒಂದೇ ಮೆಟ್ಟಿಲು. ಅಪ್ಪ ಒಪ್ಪಿದ್ದೂ ಕರಾರಿನ ಮೇಲೆಯೇ: "ಓಡ್ಸ್ಕೊಂಡ್ ಓಗು, ಬ್ಯಾಡ ಅನ್ನಲ್ಲ. ವಂಡಿ ನಿಂತ ದಿನ ತಿರ್ಗಾ ಬಂದು ಕುಣೀಗೆ ಕಾಲ್ ಇಳಿಬಿಡ್ಬೇಕು, ಅಷ್ಟೇಯ."

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕೆಲಸಕ್ಕೆ ಬಳಸುವ ಯಾವ ವಸ್ತುವೂ ಹಿರಿಯನ ಕೈಸೋಕದೆ ಒಳಗೆ ಬರುವಂತಿರಲಿಲ್ಲ. ಮಗ್ಗಕ್ಕೆ ಹೊಸ ನೂಲು ಬಂದರೆ ಅಪ್ಪ ಲಡಿಯಿಂದ ಒಂದೆಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟು, ಉಳಿದ ಕರಿಯನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದರು. ಪುಡಿಯಾದರೆ ಅಪ್ಪಟ ರೇಷ್ಮೆ. ಗಟ್ಟಿ ಮಣಿಯಂತೆ ಉಳಿದರೆ ಕಲಬೆರಕೆ, ಲಡಿ ಸೀದಾ ಬೀದಿಗೆ. ಬೆರಕೆ ನೂಲು ನೇಯ್ದು ಅಪ್ಪಟವೆಂದು ಮಾರಿದ ಒಬ್ಬನ ಕೈಯಿಂದ ನಮ್ಮ ಹಿರಿಯರು ಮದುವೆಮನೆಯಲ್ಲಿ ಎಲೆಯಡಿಕೆ ತೆಗೆದುಕೊಳ್ಳಲಿಲ್ಲವಂತೆ. ಅಪ್ಪನಿಗೆ ಲೋಕದ ವಸ್ತುಗಳಲ್ಲಿ ಇದ್ದದ್ದು ಈ ಎರಡೇ ಜಾತಿ. ಹಾಗಾಗಿ ಕಾರಿಗೆ ಎಂಜಿನ್ ಎಣ್ಣೆ ಬದಲಿಸುವ ದಿನ ಅವರೂ ಹೆಗಲಿಗೆ ಟವಲು ಹಾಕಿಕೊಂಡು ಹೊರಟದ್ದು ಯಾರಿಗೂ, ಭಾವನಿಗೂ, ವಿಚಿತ್ರವೆನಿಸಲಿಲ್ಲ.

ಆಗಷ್ಟೇ ನಮ್ಮ ಕಡೆ ಹೊಸ ಬಗೆಯ ಎಣ್ಣೆಗಳು ಬರತೊಡಗಿದ್ದವು. ಒಂದು ಪೂರ್ತಿ ಸಿಂಥೆಟಿಕ್. ಇನ್ನೊಂದು ಮಾಮೂಲಿ ಎಣ್ಣೆಗೆ ಅದನ್ನು ಒಂದಿಷ್ಟು ಬೆರೆಸಿದ್ದು. ಅಂಗಡಿಯವನ ಬಾಯಲ್ಲಿ ಅವು ಬರೀ ಫುಲ್ಲು ಮತ್ತು ಮಿಕ್ಸು.

"ಫುಲ್ ವೇಣುಮಾ, ಮಿಕ್ಸ್ ವೇಣುಮಾ?" ಯಾವುದು ಬೇಕೆಂದು ಕೇಳಿದ ಅವನು.

"ಮಿಕ್ಸ್ ಅಂದ್ರೆ ಏನ್ಲಾ?" ಅಪ್ಪ ಭಾವನ ಕಡೆ ತಿರುಗಿದರು.

"ಮಾಮೂಲಿ ಎಣ್ಣೆಗೆ ಒಸಾದು ಸ್ವಲ್ಪ ಸೇರ್ಸಿರ್ತಾರೆ ಮಾವ. ನಮ್ ವಂಡಿ ಅಳೇದು, ಅದೇ ಸಾಕು ಅಂದವ್ನೆ ಮೆಕ್ಯಾನಿಕ್ಕು."

"ಸೇರ್ಸಿರ್ತಾರೆ ಅಂದ್ರೆ ಕಲಬೆರ್ಕೇನೇ ಅಲ್ವಾ? ಅಳೇದು ಅಂತ ಕಲಬೆರ್ಕೆ ಉಯ್ತೀಯಾ? ನಾಳೆ ನಂಗೂ ವಯ್ಸಾಯ್ತು ಅಂತ ಗಂಜಿ ಬದ್ಲು ಕಲಗಚ್ಚು ಉಯ್ಯೋನೇ ನೀನು."

ಅಂಗಡಿಯವನು ನಕ್ಕು, "ಪೆರಿಯವರ್ ಸೊಲ್ರದು ಕರೆಕ್ಟು" ಎಂದು ಹಿರಿಯರ ಮಾತಿಗೆ ಮುದ್ರೆಯೊತ್ತಿ ಫುಲ್ಲನ್ನು ಕೆಳಗಿಳಿಸಿದ. ಅಪ್ಪ ಒಂದು ತೊಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ, ಬೆಂಕಿಪೊಟ್ಟಣ ಕೇಳಿದರು. ಅವನು ಹೌಹಾರಿ, "ತಾತಾ, ಕಡೈಯೇ ಪೋಯಿಡುಂ!" ಅಂಗಡಿಯೇ ಸುಟ್ಟುಹೋದೀತೆಂದು, ಡಬ್ಬಿಯನ್ನು ಎದೆಗವಚಿಕೊಂಡ.

ಈ ಬೆಂಕಿಪೊಟ್ಟಣ ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು. ಇಷ್ಟು ಚೆನ್ನಾಗಿ ಹೊಂದುವ ಸಂಗತಿ ನಿಜವಾಗಿ ನಡೆದಿರಲಾರದು. ಭಾವ ಆಡಿದ ಮಾತಿನ ಗತಿಯೂ ಅಷ್ಟೆ. ಅವನು ಅಂಗಡಿಯಲ್ಲಿ ಬಾಯೇ ತೆರೆಯಲಿಲ್ಲ ಎನ್ನುತ್ತಾಳೆ ಅಕ್ಕ. ಅವಳು ಅಲ್ಲಿರಲಿಲ್ಲ, ನಾನಿದ್ದೆ. ಆದರೂ ಅವಳು ಹಾಗೆಂದಾಗಲೆಲ್ಲ ನನಗೆ ಇನ್ನೊಬ್ಬ ಭಾವ ಕಾಣಿಸುತ್ತಾನೆ, ತೂಗುಹಾಕಿದ ಟ್ಯೂಬುಗಳನ್ನು ನೋಡುತ್ತ ಸುಮ್ಮನೆ ನಿಂತವನು. ಎರಡೂ ಚಿತ್ರಗಳಲ್ಲಿ ಅವನು ತೊಟ್ಟ ಅಂಗಿ ಒಂದೇ.

ಮೊದಮೊದಲು ಎಂಜಿನ್ನಿನ ಸದ್ದು ಎಷ್ಟು ನಯವಾಯಿತೆಂದರೆ ಅಪ್ಪ ಬೀದಿಯಲ್ಲಿ ಸಿಕ್ಕವರಿಗೆಲ್ಲ "ಅಪ್ಪಟದ್ದೇ ಆಕ್ಸಿದೀನಿ" ಎಂದು ಹೇಳಿಕೊಂಡು ಬಂದರು. ಆಮೇಲೆ ಕಾರು ನಿಂತ ಜಾಗದಲ್ಲೆಲ್ಲ ಕರಿಯ ಕಲೆ ಬೀಳತೊಡಗಿತು. ಅಕ್ಕ ಮಗ್ಗದ ಕೆಳಗಿನ ತುಂಡುನೂಲು ತಂದು ಒರೆಸಿದಳು, ಬೆಳಗಾಗುವಷ್ಟರಲ್ಲಿ ಇನ್ನಷ್ಟು. ಮೆಕ್ಯಾನಿಕ್, ನಮ್ಮ ಮಾತಿನವನೇ, ಕಾರಿನಡಿ ಬಗ್ಗಿ ನೋಡಿ ನಕ್ಕ. "ಅಳೇ ಜಿಡ್ಡೇ ಇಷ್ಟ್ ದಿನ ಸಂದಿಗೊಂದಿ ಮುಚ್ಕೊಂಡ್ ಕೂತಿತ್ತು. ನಿಮ್ ಒಳ್ಳೆ ಎಣ್ಣೆ ಬಂದು ತೊಳ್ದಾಕ್‌ಬಿಡ್ತು. ಇಲ್ಲಾಂದ್ರೆ ವಂಡಿಗೇ ವಯ್ಸಾಗೈತೆ, ಎರಡ್ರಲ್ಲೊಂದು." ಸದ್ಯಕ್ಕೆ ಕಡಿಮೆಯಾದಷ್ಟು ಎಣ್ಣೆ ಹುಯ್ಯುತ್ತಿರಿ ಎಂದು ಕೈ ಒರೆಸಿಕೊಂಡ. ಅವನಿಗೂ ಖಚಿತವಿರಲಿಲ್ಲ, ನನಗೆ ಬೇಕಾದ್ದರಿಂದ ಅವನ ಮೊದಲ ಮಾತನ್ನೇ ಹಿಡಿದುಕೊಂಡಿದ್ದೇನೆ.

ಯಾಕೆ ಬೇಕಾಯಿತೆಂದರೆ, ಕೊಳೆಯೇ ಆಧಾರವಾಗಿ ನಿಂತ ಎಷ್ಟೋ ಎಂಜಿನ್ನುಗಳ ನಡುವೆ ನಾನು ಬೆಳೆದಿದ್ದೇನೆ. ನಮ್ಮ ಮನೆಯ ಮಾತೇ ಅಂಥದ್ದು: ಅರ್ಧ ತಮಿಳಿನ ಜಿಡ್ಡು ಹತ್ತಿದ್ದರಿಂದಲೇ ಅಲ್ಲಿ ಕನ್ನಡ ಉಳಿದಿತ್ತು, ಯಾರಾದರೂ ಬಂದು ಅದನ್ನು ಚೊಕ್ಕ ಮಾಡಿದ್ದರೆ ಅಮ್ಮ ಮೂಕಳಾಗುತ್ತಿದ್ದಳು. ನೆನಪಿನದೂ ಇದೇ ಪಾಡಲ್ಲವೇ? ತೊಳೆದು ಹೊಳಪಿಟ್ಟ ನೆನಪುಗಳನ್ನು ನೀವು ನಂಬುತ್ತೀರಿ. ನನಗೆ ಅವು ಸೋರುವುದು ಕಾಣಿಸುತ್ತದೆ. ಇನ್ನೂ ಕಹಿಯಾದದ್ದೊಂದಿದೆ. ಅಪ್ಪ ಕಲಬೆರಕೆಗೆ ಹೇಸಿ ಆರಿಸಿದ ಆ ಅಪ್ಪಟ ಎಣ್ಣೆ, ಅವರ ಮಗ್ಗವನ್ನು ತಿನ್ನುತ್ತಿದ್ದ ಪಾಲಿಯೆಸ್ಟರಿನ ಹಾಗೆಯೇ, ಅಡಿಯಿಂದ ಮುಡಿಯವರೆಗೆ ಕಾರ್ಖಾನೆಯಲ್ಲಿ ಕಟ್ಟಿದ್ದು. ಬದುಕಿರುವವರೆಗೂ ಅದನ್ನು ಅವರಿಗೆ ಯಾರೂ ಹೇಳಲಿಲ್ಲ; ಹೇಳಿದ್ದರೂ, ಬೆರಕೆಯಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದರೋ ಏನೋ.

ಅದಿಯಮಾನ್‌ಕೋಟೆಯಿಂದ ಮದುವೆಯವರನ್ನು ಕೂರಿಸಿಕೊಂಡು ಸೇಲಂಗೆ ಬರುವಾಗ ತೊಪ್ಪೂರು ಘಾಟಿಯಲ್ಲಿ ಕಾರು ನಿಂತಿತು. ಎಂಜಿನ್ ಕಚ್ಚಿಕೊಂಡಿತ್ತು. ಹುಡುಗಿಯ ಸೋದರಮಾವ ಬಸ್ಸಿಗೆ ಕೈ ಒಡ್ಡುತ್ತ ಭಾವನ ಹಿಂದಿನವರನ್ನೂ ಮುಂದಿನವರನ್ನೂ ಬೈದನಂತೆ. ಲಾರಿಯೊಂದು ಕಾರನ್ನು ಎಳೆದು ತಂದಿತು. ಗುಜರಿಯವನು ಅದನ್ನು ಎಳೆದುಕೊಂಡು ಹೋದ. ಕರಾರಿನಂತೆ ಭಾವ ಕುಣಿಗಿಳಿಯಬೇಕಿತ್ತು. ಆದರೆ ಅಪ್ಪನ ಪಕ್ಕದ ಮಗ್ಗಕ್ಕೆ ಅವನು ಬರಲಿಲ್ಲ. ಬೇರೆಯವರ ಪವರ್‌ಲೂಮ್ ಶೆಡ್ಡಿಗೆ ಹೋಗಿ ಪಾಲಿಯೆಸ್ಟರ್ ಸೀರೆ ಓಡಿಸಲು ನಿಂತ. ಒಂದೇ ಸೂರಿನಡಿ ಉಂಡು ಮಲಗುತ್ತಿದ್ದ ಇಬ್ಬರೂ ಮಾತು ಬಿಟ್ಟರು. "ಉಪ್ಪು ಸಾಲ್ದು ಅಂತ ಏಳವ್ವಾ ನಿನ್ ಗಂಡಂಗೆ" ಎಂದು ಅಪ್ಪ ಅಕ್ಕನ ಮೂಲಕ ಉಪ್ಪು ತರಿಸಿಕೊಳ್ಳುತ್ತಿದ್ದರು. ಉಪ್ಪಿನ ಬಟ್ಟಲು ಭಾವನ ಮೊಣಕೈ ಹತ್ತಿರವೇ ಇರುತ್ತಿತ್ತು. ಕೇಳುವವರಿಗೂ ಕೇಳದವರಿಗೂ ಅಪ್ಪನದು ಒಂದೇ ಮಾತು: "ನಾನೇನ್ ಇಸಾ ಕೊಡ್ಸಿದ್ನಾ? ಒಳ್ಳೇದೇ ಅಲ್ವಾ ಕೊಡ್ಸಿದ್ದು?"

ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಮೆಟ್ಟೂರಿನ ಬಸ್ಸಿನಲ್ಲಿ ಭಾವ ನನ್ನ ಪಕ್ಕ ಕೂತಿದ್ದ. ಶೆಡ್ಡಿನ ಸದ್ದು ಅವನ ಕಿವಿ ಕೆಡಿಸಿತ್ತು. ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ.

"ಲೇ ಬಾಮೈದ, ಅವತ್ತು ಕೆಂಪು ಲೈಟ್ ಅತ್ಕೊಂಡಿತ್ತು ಕಣ್ಲಾ. ಎಣ್ಣೆ ಇಲ್ಲ ಅನ್ನೋ ಲೈಟು. ಘಾಟೀಗಿಂತ ಮುಂಚೇನೇ."

"ನೀನು ನೋಡ್ಲಿಲ್ವಾ ಭಾವ?"

"ನೋಡ್ದೆ. ಡಿಕ್ಕೀಲಿ ಎಣ್ಣೇನೂ ಇತ್ತು. ಮಿಕ್ಸು. ಮಾವಂಗೆ ಗೊತ್ತಾಗ್ದಂಗೆ ತಂದಿಕ್ಕಿದ್ದೆ."

"ಮತ್ತೆ ನಿಲ್ಸಿ ಉಯ್ಬಾರ್ದಾಗಿತ್ತಾ?"

"ಉಯ್ದಿದ್ರೆ ವಂಡಿ ಬದ್ಕೋಗ್ತಿತ್ತು. ಬದ್ಕಿದ್ರೆ, ನೋಡ್ಲಾ ನನ್ ಎಣ್ಣೆ ಎಂಗೈತೆ ಅಂತ ನಿಮ್ಮಪ್ಪ ಊರೆಲ್ಲಾ ಏಳ್ತಿದ್ರು." ಮುಂದಿನ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ಸ್ವಲ್ಪ ದೂರ ಹೋದ ಮೇಲೆ, ಅದೇ ದನಿಯಲ್ಲಿ, "ಇಲ್ಲ ಕಣೋ, ಮುಹೂರ್ತಕ್ಕೆ ಒತ್ತಾಗಿತ್ತು. ಅದ್ಕೇ ನಿಲ್ಲಿಸ್ಲಿಲ್ಲ" ಎಂದ.

ವರ್ಷಗಳ ಮೇಲೆ ಮತ್ತೆ ಕೇಳಿದೆ. ಅಂಥ ಮಾತು ತಾನು ಆಡಿಯೇ ಇಲ್ಲವೆಂದ. ಆ ಕಾರಿನಲ್ಲಿ ಕೆಂಪು ಲೈಟು ಕೆಟ್ಟು ಎಷ್ಟೋ ಕಾಲವಾಗಿತ್ತೆಂದ. ಗುಜರಿಗೆ ಹಾಕುವ ಮುನ್ನ ಡಿಕ್ಕಿಯನ್ನು ಯಾರೂ ತೆಗೆದು ನೋಡಿರಲಿಲ್ಲ. ಎಂಜಿನ್ನನ್ನು ಕೊಂದದ್ದು ಆ ಎಣ್ಣೆಯೋ, ಬರೀ ವಯಸ್ಸೋ, ಅಪ್ಪನನ್ನು ಒಮ್ಮೆಯಾದರೂ ಸೋಲಿಸಲೇಬೇಕೆಂದು ತನ್ನ ಮೆಟ್ಟಿಲನ್ನು ತಾನೇ ಮುರಿದುಕೊಂಡ ಭಾವನೋ, ನನಗೆ ಗೊತ್ತಿಲ್ಲ.