ಕಾಲು ಚಮಚ ನೀರು

ತೊಂಡೇಬಾವಿ ಸ್ಟೇಷನ್ನಿನಿಂದ ಎರಡು ಮೈಲಿ ಒಳಗಿರುವ ಆ ಊರಿಗೆ ಕೋನಪ್ಪ ಪಂಚಾಯಿತಿಯ ವಾಟರ್‌ಮನ್. ಬೆಳಗಾದರೆ ಒಂದು ಕೈಯಲ್ಲಿ ವಾಲ್ವು ತಿರುಗಿಸುವ ಕಬ್ಬಿಣದ ಕೀಲಿ, ಇನ್ನೊಂದರಲ್ಲಿ ಸೀಮೆಸುಣ್ಣದ ತುಂಡು. ಅವನ ಅಪ್ಪನಿಗೆ ಊರ ಬಾವಿಯ ಹಗ್ಗ ಮುಟ್ಟಲೂ ಬಿಟ್ಟಿರಲಿಲ್ಲ. ಈಗ ಮಗ ವಾಲ್ವು ತಿರುಗಿಸದಿದ್ದರೆ ಯಾರ ಮನೆಯಲ್ಲೂ ಅಡುಗೆಯಾಗುವುದಿಲ್ಲ. ಇದನ್ನು ಅವನು ಯಾರ ಮುಂದೆಯೂ ಆಡಿದವನಲ್ಲ. ಕೀಲಿ ತಿರುಗಿಸುವಾಗ ಮಾತ್ರ ನೆನೆದು ಒಳಗೊಳಗೇ ಹಿಗ್ಗುತ್ತಿದ್ದ.

ಟ್ಯಾಂಕಿನ ಕಂಬಕ್ಕೆ ಒಂದು ಕರಿಹಲಗೆ ತೂಗುಹಾಕಿದೆ. ಇವತ್ತು ಯಾವ ಬೀದಿಗೆ ನೀರು ಎಂದು ಅದರಲ್ಲಿ ಬರೆಯಬೇಕು. ಅಷ್ಟು ಬರೆದರೆ ಕೆಲಸ ಮುಗಿಯಿತು. ಆದರೆ ಕೋನಪ್ಪ ಸುಮ್ಮನಿರಬೇಕಲ್ಲ! ಕೆಳಗೆ ದಿನಕ್ಕೊಂದು ಒಳ್ಳೆಯ ಮಾತನ್ನೂ ಬರೆಯುತ್ತಿದ್ದ. ನಗುನಗುತ್ತಾ ಕೆಲಸ ಶುರು ಮಾಡಿ. ಸಣ್ಣಪುಟ್ಟದರಲ್ಲೇ ಸುಖ ಕಾಣಿ. ಎಲ್ಲವೂ ಅವನ ತಲೆಯಿಂದಲೇ ಬಂದದ್ದು. ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಿರಲಿಲ್ಲ. ಹೆಂಡತಿ ಕಲ್ಯಾಣಿ ಕಾಲೆಳೆಯುತ್ತಿದ್ದಳು.

"ಊರೋರಿಗೆಲ್ಲ ನಗಿ ನಗಿ ಅಂತ ಬರೀತೀಯ. ಮನೇಲಿ ಸಾರಿಗೆ ಉಪ್ಪು ಜಾಸ್ತಿ ಆದ್ರೆ ಮುಖ ಊದಿಸ್ಕೊಂಡು ಕೂರ್ತೀಯಲ್ಲಯ್ಯ!"

ಸಂಕ್ರಾಂತಿಗೆ ಒಂದು ವಾರವಿದ್ದಾಗ ಬಟ್ಟೆ ಒಗೆಯುತ್ತಿದ್ದ ಕಲ್ಯಾಣಿ ಕಲ್ಲಿನ ಪಕ್ಕದಲ್ಲೇ ಕುಸಿದಳು. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಹದಿನೆಂಟು ದಿನದ ಮೇಲೆ ಮೂಗಿನಲ್ಲಿ ನಳಿಕೆ ಇಟ್ಟು ಆಸ್ಪತ್ರೆಯಿಂದ ಕಳಿಸಿದರು. ಗಂಟಲಿಗೆ ನುಂಗುವುದು ಮರೆತುಹೋಗಿದೆ ಎಂದರು ಡಾಕ್ಟರು. ದಿನಾ ಬೆಳಿಗ್ಗೆ ನೆಟ್ಟಗೆ ಕೂರಿಸಿ, ಕಾಲು ಚಮಚ ನೀರು ನಾಲಿಗೆಗೆ ಬಿಟ್ಟು ನೋಡಬೇಕು. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಬೇಕು, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅಷ್ಟು ನುಂಗಿದರೆ ಉಳಿದದ್ದು ನಿಧಾನಕ್ಕೆ ಬಂದೀತು. ಇಲ್ಲದಿದ್ದರೆ ಕೊನೆಯವರೆಗೂ ನಳಿಕೆಯೇ ಗತಿ.

ಮೊದಲ ದಿನ ನೀರು ಕಟಬಾಯಿಯಿಂದ ಸುರಿದುಹೋಯಿತು. ಎರಡನೆಯ ದಿನ ಕೆಮ್ಮಿ ಕೆಮ್ಮಿ ಅವಳ ಕಣ್ಣುಗುಡ್ಡೆ ಮೇಲಾಯಿತು. ನರ್ಸಿಂಗ್ ಓದುವ ಮಗಳು ಸಂಘಮಿತ್ರ ರಜೆ ಹಾಕಿ ಬಂದಿದ್ದಳು, ಬೆನ್ನು ತಟ್ಟಿ ಸುಧಾರಿಸಿದಳು. ಕೋನಪ್ಪ ಟ್ಯಾಂಕಿನ ಹತ್ತಿರ ಹೋದ. ಅಷ್ಟು ದಿನ ಬೇರೆಯವರು ನೀರು ಬಿಟ್ಟಿದ್ದರು, ಆದರೆ ಹಲಗೆಯ ಕೆಳಗಿನ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಸಣ್ಣಪುಟ್ಟದರಲ್ಲೇ ಸುಖ ಕಾಣಿ. ಓದಿ ಅವನಿಗೆ ಮೈಯೆಲ್ಲ ಉರಿದುಹೋಯಿತು. ಯಾವ ಸೀಮೆಯ ಸುಖ! ಅಂಗೈಯಿಂದಲೇ ಉಜ್ಜಿ ಅಳಿಸಿದ. ವಾಲ್ವು ತಿರುಗಿಸಿದಾಗ ಪೈಪಿನೊಳಗೆ ನೀರು ದಡದಡ ನುಗ್ಗಿತು. ಆ ಸದ್ದಿಗೆ ಕುಕ್ಕರಿಸಿ ಕುಳಿತು ಅತ್ತುಬಿಟ್ಟ. ಊರಿಗೆಲ್ಲ ನೀರು ಬಿಡುವವನಿಗೆ ಹೆಂಡತಿಯ ಗಂಟಲಿಗೆ ಕಾಲು ಚಮಚ ಇಳಿಸಲಾಗಲಿಲ್ಲ.

ಮೇಲಿನ ಬೀದಿಯ ಲಕ್ಷ್ಮೀನರಸಮ್ಮ ಬಿಂದಿಗೆ ಹಿಡಿದು ಬಂದಳು. ನೀರಿಗಾಗಿ ಅವನ ಜೊತೆ ಜಗಳ ಆಡದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಯಾಕಪ್ಪ ಕೋನಪ್ಪ, ಕೆಳಗೆ ಖಾಲಿ ಬಿಟ್ಟಿದ್ದೀಯ?"

"ಬರೆಯೋಕೆ ಏನೂ ಇಲ್ಲ ಕಣಮ್ಮ."

"ನಿನ್ನ ನೀತಿಪಾಠ ಯಾರಿಗೆ ಬೇಕಾಗಿತ್ತು? ಕಲ್ಯಾಣಿ ಹೆಂಗವ್ಳೆ, ಅದು ಬರಿ. ನಿನ್ನ ಮುಖ ನೋಡಿ ಕೇಳೋಕೆ ನಮಗೆ ಬಾಯಿ ಬರಲ್ಲ."

ಅವನು ಎದ್ದು ಬರೆದ. ನೀರು ಇಳಿಯಲಿಲ್ಲ.

ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ. ಒಂದು ತಿಂಗಳು ಅದೇ ಎರಡು ಪದ. ನೀರಿಗೆ ಬಂದ ಹೆಂಗಸರು ಮೊದಲು ಕೆಳಗಿನ ಸಾಲು ಓದಿ, ಆಮೇಲೆ ತಮ್ಮ ಬೀದಿಯ ಹೆಸರು ಹುಡುಕತೊಡಗಿದರು. ಕಲ್ಯಾಣಿ ದಿನದಿನಕ್ಕೆ ಕಡ್ಡಿಯಾದಳು. ಚಮಚ ಕಂಡರೆ ಮುಖ ತಿರುಗಿಸುತ್ತಿದ್ದಳು. ಇದಕ್ಕಿಂತ ಇವಳು ಹೋಗಿಬಿಟ್ಟರೇ ಮೇಲೇನೋ ಎಂದು ಒಂದು ಬೆಳಿಗ್ಗೆ ಕೋನಪ್ಪನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಹೇಸಿ ಚಮಚವನ್ನು ಗೋಡೆಗೆ ಎಸೆದ. ಸಂಘಮಿತ್ರ ಅದನ್ನು ತೊಳೆದು ತಂದು ಮತ್ತೆ ಅವನ ಕೈಗಿಟ್ಟಳು.

ಮೂವತ್ತನಾಲ್ಕನೆಯ ದಿನ. ಆಸೆ ಬತ್ತಿಹೋಗಿತ್ತು, ಅಭ್ಯಾಸವೊಂದು ಉಳಿದಿತ್ತು. ಕಲ್ಯಾಣಿಯನ್ನು ಎದೆಗೆ ಒರಗಿಸಿಕೊಂಡು ನೀರು ಬಿಟ್ಟ. ಮಗಳು ಕಲಿಸಿದ್ದಂತೆ ಎರಡು ಬೆರಳನ್ನು ಅವಳ ಗಂಟಲ ಮೇಲಿಟ್ಟು, ಕೆಮ್ಮಿಗಾಗಿ ಕಾದ. ಕೆಮ್ಮು ಬರಲಿಲ್ಲ. ಬೆರಳಿನಡಿ ಗಂಟಲಿನ ಉಬ್ಬು ನಿಧಾನವಾಗಿ ಮೇಲೆದ್ದು ಕೆಳಗಿಳಿಯಿತು.

"ಏನೇ... ನುಂಗಿದ್ಯಾ?"

ಕಲ್ಯಾಣಿ ಉತ್ತರ ಕೊಡಲಾರಳು. ಅವಳು ಮತ್ತೆ ಬಾಯಿ ತೆರೆದಳು, ಇನ್ನೂ ಬೇಕೆಂದು.

ಕೋನಪ್ಪ ಬರಿಗಾಲಲ್ಲಿ ಓಡಿದ. ಕಾಲು ಚಮಚ ಇಳಿಯಿತು ಎಂದು ಹಲಗೆಯ ತುಂಬ ಸೊಟ್ಟಸೊಟ್ಟಾಗಿ ಬರೆದು, ಸೀಮೆಸುಣ್ಣ ಅಲ್ಲೇ ಬಿಸಾಡಿ ಮನೆಗೆ ಓಡಿದ. ಬೀದಿಯ ಹೆಸರು ಬರೆಯಲಿಲ್ಲ, ವಾಲ್ವು ತಿರುಗಿಸಲಿಲ್ಲ. ಅವತ್ತು ಯಾವ ಬೀದಿಗೂ ನೀರಿಲ್ಲ. ಖಾಲಿ ಬಿಂದಿಗೆಗಳು ಸಾಲುಗಟ್ಟಿದವು. ಕೋನಪ್ಪನನ್ನು ಕರೆದುಕೊಂಡು ಬರೋಣವೇ ಎಂದು ಯಾರೋ ಕೇಳಿದ್ದಕ್ಕೆ ಲಕ್ಷ್ಮೀನರಸಮ್ಮ ಹಲಗೆಯ ಮುಂದೆ ನಿಂತು, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇವತ್ತೊಂದಿನ ನಮಗೆ ಬೇಡ ಬಿಡ್ರಮ್ಮ. ಅವಳು ಕುಡೀಲಿ."

ಮಾರನೆಯ ಬೆಳಿಗ್ಗೆ ಮತ್ತೆ ಕೆಮ್ಮು. ಕೋನಪ್ಪ ತಲೆ ತಗ್ಗಿಸಿ ಬಂದು ಹಲಗೆಯ ಒಂದು ಮೂಲೆಯಲ್ಲಿ ಬೀದಿಯ ಹೆಸರು ಬರೆದ, ಇವತ್ತು ಇಳಿಯಲಿಲ್ಲ ಎಂದೂ ಬರೆದ. ನೆನ್ನೆಯ ಸಾಲನ್ನು ಅಳಿಸಲು ಎತ್ತಿದ ಕೈ ಹಾಗೇ ನಿಂತಿತು. ಅದು ಇನ್ನೂ ಅಲ್ಲೇ ಇದೆ. ಮಾಸಿದಾಗಲೆಲ್ಲ ಅವನು ಅದರ ಮೇಲೇ ಮತ್ತೆ ತಿದ್ದುತ್ತಾನೆ.